‘ಡೆಲಿವರ್ಡ್’ ಎಂದು ಸಂದೇಶ ಬಂತು, ಸೀರೆ ಬರಲಿಲ್ಲ

ಪ್ರಶ್ನೆ: ತಂಗಿಯ ಸೀಮಂತಕ್ಕೆಂದು ಆನ್‌ಲೈನ್‌ನಲ್ಲಿ 4,200 ರೂಪಾಯಿಯ ಸೀರೆಯೊಂದನ್ನು ತರಿಸಿದ್ದೆ. ಹಣವನ್ನು ಮೊದಲೇ ಪಾವತಿಸಿದ್ದೇನೆ. ನಮ್ಮ ಮನೆ ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿದೆ. ಮೊನ್ನೆ ಮಧ್ಯಾಹ್ನ ‘ಡೆಲಿವರ್ಡ್’ ಎಂಬ ಸಂದೇಶ ಬಂತು. ನಾನು ಮನೆಯಲ್ಲೇ ಇದ್ದೆ. ಯಾರೂ ಗೇಟು ತಟ್ಟಲಿಲ್ಲ, ಒಟಿಪಿಯನ್ನೂ ಕೇಳಲಿಲ್ಲ. ಗ್ರಾಹಕ ಸೇವೆಗೆ ಕರೆ ಮಾಡಿದರೆ, ‘ನಮ್ಮ ದಾಖಲೆಯ ಪ್ರಕಾರ ತಲುಪಿದೆ, ಅಕ್ಕಪಕ್ಕದಲ್ಲಿ ವಿಚಾರಿಸಿ’ ಎಂದು ದೂರನ್ನೇ ಮುಗಿಸಿಬಿಟ್ಟರು. ಇನ್ನು ಹಣದ ಆಸೆ ಬಿಡಬೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬಿಡಬೇಕಿಲ್ಲ. ಆ್ಯಪ್‌ನಲ್ಲಿ ಕಾಣುವ ‘ಡೆಲಿವರ್ಡ್’ ಎಂಬುದು ತಲುಪಿಸಲು ಹೊರಟವರ ಹೇಳಿಕೆ ಮಾತ್ರ. ಅದಕ್ಕೆ ಆಧಾರ ತೋರಿಸಬೇಕಾದವರೂ ಅವರೇ. ನೀವು ‘ಬಂದಿಲ್ಲ’ ಎನ್ನುವುದು, ಅವರು ‘ಬಂದಿದೆ’ ಎನ್ನುವುದು ಹೀಗೆಯೇ ತಿಂಗಳುಗಟ್ಟಲೆ ನಡೆಯಬಹುದು. ಆದ್ದರಿಂದ ವಾದ ಬಿಟ್ಟು ಪುರಾವೆ ಕೇಳಿ.

ನಿಮ್ಮ ಆರ್ಡರ್ ವಿವರದಲ್ಲಿ ಎಡಬ್ಲ್ಯುಬಿ ಅಥವಾ ಟ್ರ್ಯಾಕಿಂಗ್ ನಂಬರ್ ಎಂದು ಒಂದು ಸಂಖ್ಯೆ ಇರುತ್ತದೆ. ಅದನ್ನು ನಮೂದಿಸಿ ಇಮೇಲ್ ಅಥವಾ ಚಾಟ್‌ನಲ್ಲಿ ಹೀಗೆ ಬರೆಯಿರಿ: ‘ಈ ಪಾರ್ಸೆಲ್ ನನಗೆ ತಲುಪಿಲ್ಲ. ಎಷ್ಟು ಹೊತ್ತಿಗೆ, ಯಾರ ಕೈಗೆ ಕೊಟ್ಟಿದ್ದೀರಿ? ಆಗ ತೆಗೆದ ಫೋಟೊ ಅಥವಾ ಪಡೆದ ಸಹಿ ಎಲ್ಲಿ? ಆ ಕ್ಷಣದಲ್ಲಿ ನಿಮ್ಮ ಸಿಬ್ಬಂದಿಯ ಮೊಬೈಲ್ ಯಾವ ಸ್ಥಳ ತೋರಿಸುತ್ತಿತ್ತು?’ ಕೊನೆಯ ಪ್ರಶ್ನೆಯೇ ಮುಖ್ಯ. ಬಹುತೇಕ ಕೊರಿಯರ್ ಸಂಸ್ಥೆಗಳ ಆ್ಯಪ್‌ಗಳು ಡೆಲಿವರಿ ಗುಂಡಿ ಒತ್ತಿದ ಜಾಗವನ್ನು ದಾಖಲಿಸಿಕೊಳ್ಳುತ್ತವೆ. ಸೀರೆ ತಪ್ಪಿ ಯಾವ ಬೀದಿಗೆ ಹೋಯಿತೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಫೋನಿನಲ್ಲಿ ಆಡಿದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರಹದಲ್ಲಿ ಇರುವುದಷ್ಟೇ ಮುಂದೆ ಕೆಲಸಕ್ಕೆ ಬರುತ್ತದೆ.

ಉತ್ತರ ಬರುವುದರೊಳಗೆ ನಿಮ್ಮ ವಿಳಾಸವನ್ನು ನೀವೇ ಒಮ್ಮೆ ಅಪರಿಚಿತರ ಕಣ್ಣಿನಿಂದ ಓದಿ. ಬನಶಂಕರಿಯಂಥ ಬಡಾವಣೆಯಲ್ಲಿ ಒಂದೇ ಸಂಖ್ಯೆಯ ಅಡ್ಡರಸ್ತೆ, ಮುಖ್ಯರಸ್ತೆಗಳು ಬೇರೆ ಬೇರೆ ಹಂತಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಎರಡನೇ ಹಂತದ ಪಿನ್ ಕೋಡ್ 560070, ಮೂರನೆಯದು 560085. ಪಾರ್ಸೆಲ್‌ಗಳನ್ನು ವಿಂಗಡಿಸುವವರು ಮೊದಲು ನೋಡುವುದು ಪಿನ್ ಕೋಡನ್ನೇ. ಅದು ತಪ್ಪಿದರೆ ನೀವು ಬರೆದ ‘ದೇವಸ್ಥಾನದ ಹತ್ತಿರ’ ಎಂಬ ಗುರುತು ಬೇರೆ ಯಾವುದೋ ದೇವಸ್ಥಾನದ್ದಾಗುತ್ತದೆ. ಮನೆಗೆ ಹಳೆಯ ನಂಬರ್, ಹೊಸ ನಂಬರ್ ಎಂದು ಎರಡಿದ್ದರೆ ಯಾವುದನ್ನು ಬರೆದಿದ್ದೀರಿ ಎಂಬುದನ್ನೂ ನೋಡಿ. ಆ್ಯಪ್‌ನಲ್ಲಿ ಉಳಿದುಕೊಂಡಿರುವ ಹಿಂದಿನ ಬಾಡಿಗೆ ಮನೆಯ ವಿಳಾಸಕ್ಕೇ ಪಾರ್ಸೆಲ್ ಹೋಗಿರುವ ಪ್ರಸಂಗಗಳೂ ಕಡಿಮೆಯಿಲ್ಲ.

ಅಕ್ಕಪಕ್ಕ ವಿಚಾರಿಸುವುದು ಬೇಡವೆಂದಲ್ಲ. ಪಕ್ಕದ ಮನೆ, ಕೆಳಗಿನ ಅಂಗಡಿ, ಕಾವಲುಗಾರ ಇದ್ದರೆ ಅವರ ರಿಜಿಸ್ಟರ್, ಅಷ್ಟು ಸಾಕು. ಎದುರು ಮನೆಯಲ್ಲಿ ಸಿಸಿಟಿವಿ ಇದ್ದರೆ ಇಂದೇ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುತ್ತದೆ. ಬೀದಿ ಬೀದಿ ಅಲೆಯುವುದು ನಿಮ್ಮ ಕೆಲಸವಲ್ಲ. ಹಣ ಪಡೆದವರು ಹುಡುಕಲಿ. ಎಲ್ಲ ಬಾರಿಯೂ ಕಳ್ಳತನವೇ ನಡೆದಿರುತ್ತದೆ ಎಂದೂ ತಿಳಿಯಬೇಡಿ. ದಿನದ ಗುರಿ ಮುಟ್ಟಿಸುವ ಒತ್ತಡದಲ್ಲಿ ಕೆಲವರು ಮೊದಲೇ ಗುಂಡಿ ಒತ್ತಿ, ಸಂಜೆಗೋ ಮರುದಿನಕ್ಕೋ ಪಾರ್ಸೆಲ್ ತಂದುಕೊಡುವುದುಂಟು. ನಿಮ್ಮ ವಿಷಯದಲ್ಲಿ ಆ ಅವಧಿ ಮುಗಿದಿದೆ.

ದೂರು ದಾಖಲಿಸುವಾಗ ಒಂದು ಎಚ್ಚರಿಕೆ. ‘ರಿಟರ್ನ್’ ಆಯ್ಕೆಯನ್ನು ಒತ್ತಬೇಡಿ. ವಸ್ತು ಬಂದಿದೆ, ಹಿಂದಿರುಗಿಸುತ್ತೇನೆ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ. ಒಯ್ಯಲು ಬಂದವರಿಗೆ ಕೊಡಲು ಏನೂ ಇರುವುದಿಲ್ಲ, ಕೋರಿಕೆ ರದ್ದಾಗುತ್ತದೆ. ‘ಆರ್ಡರ್ ತಲುಪಿಲ್ಲ’ ಎಂಬ ಆಯ್ಕೆಯನ್ನೇ ಹುಡುಕಿ. ತಡವನ್ನೂ ಮಾಡಬೇಡಿ: ಇಂಥ ದೂರುಗಳ ಗಡುವನ್ನು ಸಾಮಾನ್ಯವಾಗಿ ‘ಡೆಲಿವರ್ಡ್’ ಎಂದು ತೋರಿಸಿದ ದಿನದಿಂದಲೇ ಎಣಿಸುತ್ತಾರೆ.

ದೂರನ್ನು ಮತ್ತೆ ಮುಚ್ಚಿದರೆ, ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ಅಧಿಕಾರಿಯ ಹೆಸರು, ಸಂಪರ್ಕ ವಿವರಗಳನ್ನು ತಾಣದಲ್ಲಿ ಪ್ರಕಟಿಸಿರಬೇಕು. ದೂರು ಬಂದ 48 ಗಂಟೆಯೊಳಗೆ ಅವರು ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ತಾಣ ಕೇವಲ ಮಾರುಕಟ್ಟೆಯಾಗಿದ್ದು ಮಾರಿದವರು ಬೇರೆಯವರಾಗಿದ್ದರೆ, ನೀವು ಲಿಖಿತವಾಗಿ ಕೇಳಿದಾಗ ಮಾರಾಟಗಾರರ ವಿಳಾಸವನ್ನೂ ಕೊಡಬೇಕಾಗುತ್ತದೆ. ಇಷ್ಟನ್ನು ಪತ್ರದಲ್ಲಿ ಉಲ್ಲೇಖಿಸಿದರೆ ಅನೇಕ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ ಎಂಬುದು ನನ್ನ ಅನುಭವ.

ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಅವರು ದೂರನ್ನು ನೇರವಾಗಿ ಕಂಪನಿಗೆ ಕಳುಹಿಸುತ್ತಾರೆ. ಕೊನೆಯ ಬಾಗಿಲು ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಯಾವ ರಾಜ್ಯದಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. 4,200 ರೂಪಾಯಿಗೆ ಅಷ್ಟು ದೂರ ಹೋಗಬೇಕೇ ಎಂದು ಕೇಳಿದರೆ, ಆ ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಕ್ರೆಡಿಟ್ ಕಾರ್ಡ್‌ನಲ್ಲಿ ಪಾವತಿಸಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಪಾವತಿಸಿದ ಹಣವನ್ನು ಬ್ಯಾಂಕಿನ ಮೂಲಕವೇ ಹಿಂಪಡೆಯುವ ಕೋರಿಕೆ ಸಲ್ಲಿಸುವುದು ಹೆಚ್ಚು ಸುಲಭ.

ಈ ನಡುವೆ ‘ನಿಮ್ಮ ಪಾರ್ಸೆಲ್ ಸಿಕ್ಕಿದೆ’ ಎಂದು ಯಾರಾದರೂ ಕರೆ ಮಾಡಿ, 401ರಿಂದ ಆರಂಭವಾಗುವ ಸಂಕೇತವೊಂದನ್ನು ಒತ್ತಲು ಹೇಳಿದರೆ ಒತ್ತಬೇಡಿ. ನಿಮ್ಮ ಕರೆಗಳೆಲ್ಲ ವಂಚಕರ ಫೋನಿಗೆ ತಿರುಗುತ್ತವೆ. ಕರೆಯ ಮೂಲಕ ಬರುವ ಒಟಿಪಿಯೂ ಅವರಿಗೇ ಸಿಗುತ್ತದೆ. ಸಹಾಯವಾಣಿಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಲೂ ಬೇಡಿ, ಆ್ಯಪ್‌ನೊಳಗಿನದನ್ನೇ ಬಳಸಿ. ವಂಚಕರಿಗೆ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ನಮಗೆ ಬೇರೆ ಯಾರದೋ ಕುರ್ತಾ ಬಂದಿದೆ. ಗಮನಿಸದೆ ಪೊಟ್ಟಣ ತೆರೆದುಬಿಟ್ಟೆವು. ಏನು ಮಾಡುವುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಲೇಬಲ್ ನೋಡಿ. ಅದರ ಮೇಲೆ ನಿಮ್ಮ ಹೆಸರೇ ಇದ್ದು ಒಳಗೆ ಬೇರೆ ಬಟ್ಟೆ ಇದ್ದರೆ, ತಪ್ಪು ಮಾರಾಟಗಾರರದು. ಫೋಟೊ ಸಹಿತ ‘ತಪ್ಪು ವಸ್ತು’ ಎಂದು ದೂರು ಕೊಟ್ಟು ಹಿಂದಿರುಗಿಸಿ. ಬೇರೆಯವರ ಹೆಸರಿದ್ದರೆ ಕೊರಿಯರ್‌ನವರಿಗೆ ಟ್ರ್ಯಾಕಿಂಗ್ ನಂಬರ್ ತಿಳಿಸಿ. ವಿಳಾಸ ನಿಮ್ಮದೇ ಓಣಿಯದಾಗಿದ್ದರೆ ನೀವೇ ಕೊಟ್ಟುಬಿಡಿ. ಕಣ್ತಪ್ಪಿನಿಂದ ತೆರೆದದ್ದು ಅಪರಾಧವಲ್ಲ. ಯಾರದೆಂದು ತಿಳಿದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಅನ್ವಯಿಸಬಹುದು. ಒಯ್ಯಲು ಬರುವವರೆಗೆ ಟ್ಯಾಗ್ ಕತ್ತರಿಸಬೇಡಿ, ಹಾಕಿಕೊಂಡು ನೋಡಲೂಬೇಡಿ.