ವರ್ಚುವಲ್ ಮಷೀನ್ ಒಳಗಿನ ವಿಂಡೋಸ್ ಐದೂವರೆ ಗಂಟೆ ಹಿಂದಿದ್ದರೆ ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿಯ ಅಂಗಡಿಯಲ್ಲಿ ಉಬುಂಟು ಕಂಪ್ಯೂಟರ್ ಇದೆ. ಅದರಲ್ಲಿ ವರ್ಟ್-ಮ್ಯಾನೇಜರ್ ಬಳಸಿ ಬಿಲ್ಲಿಂಗ್‌ಗೆ ಅಂತ ಒಂದು ವಿಂಡೋಸ್ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಲ್ಲಿ ಓಡುವ ಇನ್ನೊಂದು ಕಂಪ್ಯೂಟರ್, ಮಾಡಿದ್ದೀರಿ. ಬೇಸಿಗೆಯಲ್ಲಿ ಟೈಮ್ ಸರಿ ಇತ್ತು. ಮಳೆಗಾಲ ಹಿಡಿದ ಮೇಲೆ ಬೆಳಿಗ್ಗೆ ಹತ್ತಕ್ಕೆ ಆನ್ ಮಾಡಿದರೆ ನಾಲ್ಕೂವರೆ ತೋರಿಸುತ್ತದೆ. ಕೈಯಾರೆ ಸರಿ ಮಾಡಿದರೂ ಮರುದಿನ ಮತ್ತೆ ಅದೇ ಕಥೆ. ಬ್ಯಾಟರಿ ಬದಲಿಸಬೇಕಾ?

ಬ್ಯಾಟರಿಗೆ ಸುಮ್ನೆ ದುಡ್ಡು ಹಾಕಬೇಡಿ ಮಾರಾಯ್ರೆ. ವ್ಯತ್ಯಾಸ ಕರೆಕ್ಟಾಗಿ ಐದೂವರೆ ಗಂಟೆ ಅಂದರೆ ಅದು ಸೆಟ್ಟಿಂಗ್ ತಕರಾರು. ಬ್ಯಾಟರಿ ಸತ್ತಿದ್ದರೆ ಉಬುಂಟುವಿನ ಟೈಮೂ ಎಲ್ಲೆಲ್ಲಿಗೋ ಹೋಗುತ್ತಿತ್ತು.

ವರ್ಚುವಲ್ ಮಷೀನ್‌ನ ಆರ್‌ಟಿಸಿ, ಅಂದರೆ ಕಂಪ್ಯೂಟರ್ ಆಫ್ ಇದ್ದಾಗಲೂ ಟೈಮ್ ಇಟ್ಟುಕೊಳ್ಳುವ ಗಡಿಯಾರ, ನಿಜವಾದ ಚಿಪ್ ಅಲ್ಲ. 1984ರ ಐಬಿಎಂ ಪಿಸಿ ಎಟಿಯಲ್ಲಿ ಬಂದ ಗಡಿಯಾರದ ಚಿಪ್ಪನ್ನು, ಮಷೀನನ್ನು ಓಡಿಸುವ ಕ್ಯೂಎಂಯು ಅನ್ನುವ ಪ್ರೋಗ್ರಾಂ ಸಾಫ್ಟ್‌ವೇರ್‌ನಲ್ಲೇ ನಟಿಸುತ್ತದೆ. ಮಷೀನ್ ಶುರುವಾಗುವಾಗ ಹೋಸ್ಟ್‌ನ, ಅಂದರೆ ಹೊರಗಿನ ಉಬುಂಟುವಿನ, ಟೈಮ್ ನೋಡಿ ಅದಕ್ಕೆ ತುಂಬುತ್ತದೆ. ತುಂಬುವುದು ಯುಟಿಸಿಯೋ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಊರಿನ ಟೈಮೋ, ಅಷ್ಟೇ ಪ್ರಶ್ನೆ. ಉಬುಂಟುವಿನಂಥ ಲಿನಕ್ಸ್ ಯುಟಿಸಿ ಬಯಸುತ್ತದೆ. ವಿಂಡೋಸ್ ಡಾಸ್ ಕಾಲದ ಅಭ್ಯಾಸದಿಂದ ಆರ್‌ಟಿಸಿಯಲ್ಲಿರುವುದನ್ನು ಊರಿನ ಟೈಮ್ ಅಂತಲೇ ಓದುತ್ತದೆ. ನಿಮ್ಮ ಮಷೀನ್‌ಗೆ ಯುಟಿಸಿ ಸಿಗುತ್ತಿದೆ. ಮಷೀನ್ ಮಾಡುವಾಗ ಓಎಸ್ ಪಟ್ಟಿಯಲ್ಲಿ ವಿಂಡೋಸ್ ಬದಲು ಜೆನೆರಿಕ್ ಆರಿಸಿದ್ದಿರಬಹುದು. ವಿಂಡೋಸ್ ಅಂತ ಆರಿಸಿದ್ದರೆ ವರ್ಟ್-ಮ್ಯಾನೇಜರ್ ತಾನೇ ಲೋಕಲ್‌ಟೈಮ್ (ಊರಿನ ಟೈಮ್) ಹಾಕಿಕೊಳ್ಳುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ಹೇಗೆ ಸರಿ ಇತ್ತು? ಸರಿ ಇರಲಿಲ್ಲ. ಆಗಲೂ ವಿಂಡೋಸ್ ತಪ್ಪು ಟೈಮಲ್ಲೇ ಏಳುತ್ತಿತ್ತು, ಇಂಟರ್ನೆಟ್ ಟೈಮ್ ಸರ್ವರ್ ತಿದ್ದುತ್ತಿತ್ತು, ನಿಮಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನೆಟ್ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ ಅಲ್ವಾ? ತಿದ್ದುವವರು ಇಲ್ಲದಾಗ ಹಳೇ ತಪ್ಪು ಹೊರಗೆ ಬಂತು. ಅದಕ್ಕೇ 'ಟೈಮ್ ಸಿಂಕ್ ಆನ್ ಮಾಡಿ, ಸರಿಹೋಗುತ್ತೆ' ಅನ್ನುವ ಸಲಹೆ ನನಗೆ ಹಿಡಿಸುವುದಿಲ್ಲ. ಬೂಟ್ ಆಗುವಾಗಲೇ ಟೈಮ್ ಸರಿ ಇರಬೇಕು. ಕೈಯಾರೆ ತಿದ್ದಿದ್ದು ಉಳಿಯದಿರುವುದಕ್ಕೂ ಇದೇ ಕಾರಣ. ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗ ಹೋಸ್ಟ್‌ನಿಂದ ಹೊಸದಾಗಿ ಯುಟಿಸಿ ತುಂಬುತ್ತದೆ.

ಮೊದಲು ಉಬುಂಟುವಿನ ಟೈಮ್‌ಝೋನ್ ಏಷ್ಯಾ/ಕೋಲ್ಕತ್ತಾ ಇದೆಯಾ ನೋಡಿ. ಹೋಸ್ಟೇ ಯುಟಿಸಿಯಲ್ಲಿದ್ದರೆ ಲೋಕಲ್‌ಟೈಮ್ ಅಂದರೂ ಯುಟಿಸಿಯೇ ಬರುತ್ತದೆ. ಆಮೇಲೆ ವಿಂಡೋಸನ್ನು ಶಟ್‌ಡೌನ್ ಮಾಡಿ, ರೀಸ್ಟಾರ್ಟ್ ಸಾಲದು. ವರ್ಟ್-ಮ್ಯಾನೇಜರ್‌ನ ಪ್ರಿಫರೆನ್ಸಸ್‌ನಲ್ಲಿ ಎಕ್ಸ್‌ಎಂಎಲ್ (ಮಷೀನ್‌ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟ ಕಡತ) ಎಡಿಟಿಂಗ್ ಆನ್ ಮಾಡಿ. ಮಷೀನ್‌ನ ಎಕ್ಸ್‌ಎಂಎಲ್‌ನಲ್ಲಿ 'ಕ್ಲಾಕ್' ಅನ್ನುವ ಸಾಲಿನ 'ಆಫ್‌ಸೆಟ್' ಯುಟಿಸಿ ಇರುತ್ತದೆ, ಅದನ್ನು ಲೋಕಲ್‌ಟೈಮ್ ಮಾಡಿ, ಅಪ್ಲೈ ಒತ್ತಿ. ಮುಂದೆ ಯಾರಾದರೂ ವರ್ಚುವಲ್‌ಬಾಕ್ಸ್ ಅನ್ನುವ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್‌ಗೆ ಇದೇ ಕೇಳಿದರೆ, ಅಲ್ಲಿ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ 'ಹಾರ್ಡ್‌ವೇರ್ ಕ್ಲಾಕ್ ಇನ್ ಯುಟಿಸಿ ಟೈಮ್' ಅನ್ನುವ ಟಿಕ್ ತೆಗೆದರೆ ಆಯಿತು.

ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ 'ರಿಯಲ್‌ಟೈಮ್‌ಈಸ್‌ಯೂನಿವರ್ಸಲ್' ಅಂತ ಹಾಕಿ ಅದಕ್ಕೇ ಯುಟಿಸಿ ಒಪ್ಪಿಸುವ ದಾರಿಯೂ ಇದೆ. ನಡೆಯುತ್ತದೆ, ಆದರೆ ವಿಂಡೋಸ್ ಮತ್ತೆ ಹಾಕಿದ ದಿನ ಅದು ಯಾರಿಗೂ ನೆನಪಿರುವುದಿಲ್ಲ. ಎರಡನ್ನೂ ಒಟ್ಟಿಗೆ ಮಾತ್ರ ಮಾಡಬೇಡಿ, ಆಗ ಗಡಿಯಾರ ಐದೂವರೆ ಗಂಟೆ ಮುಂದೆ ಓಡುತ್ತದೆ.

ಮುಂದೆ ಎಂದಾದರೂ ಕೆಲವು ನಿಮಿಷವೋ ಒಂದೆರಡು ಗಂಟೆಯೋ ಹಿಂದೆ ಬಿದ್ದರೆ ಅದು ಬೇರೆ ರೋಗ. ಕರೆಂಟ್ ಹೋಗಿ ಯುಪಿಎಸ್ ಮೇಲೆ ವರ್ಚುವಲ್ ಮಷೀನನ್ನು ಪಾಸ್ ಮಾಡಿ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸಿ, ಇಟ್ಟಾಗ ಹಾಗಾಗುತ್ತದೆ. ಒಳಗಿನ ವಿಂಡೋಸ್‌ಗೆ ನಡುವೆ ಹೋದ ಹೊತ್ತು ಗೊತ್ತೇ ಇರುವುದಿಲ್ಲ. ಅದಕ್ಕೆ ವಿಂಡೋಸ್‌ನಲ್ಲಿ ಕ್ಯೂಎಂಯು ಗೆಸ್ಟ್ ಏಜೆಂಟ್ (ಹೋಸ್ಟ್ ಹೇಳಿದ್ದನ್ನು ಒಳಗೆ ಮಾಡುವ ಪುಟ್ಟ ಪ್ರೋಗ್ರಾಂ) ಹಾಕಿಡಿ. ಆಮೇಲೆ ಹೋಸ್ಟ್‌ನಲ್ಲಿ 'ವರ್ಶ್ ಡೊಮ್‌ಟೈಮ್' ಕಮಾಂಡನ್ನು 'ನೌ' ಆಯ್ಕೆ ಜೊತೆ ಕೊಟ್ಟರೆ ಹೋಸ್ಟ್‌ನ ಟೈಮ್ ನೇರ ಒಳಗೆ ಹೋಗುತ್ತದೆ. ನೆಟ್ ಬೇಕಾಗಿಲ್ಲ.

ಇನ್ನು ಹಳೇ ಬಿಲ್‌ಗಳು. ಬೆಳಗಿನ ಜಾವ ಐದೂವರೆಗೆ ಮುಂಚೆ ಮಾಡಿದ ಬಿಲ್‌ಗಳಲ್ಲಿ ಮಾತ್ರ ತಾರೀಖು ಹಿಂದಿನ ದಿನದ್ದಾಗಿರುತ್ತದೆ. ಒಂದನೇ ತಾರೀಖಿನ ಮುಂಜಾನೆ ಲೋಡ್ ಕಳಿಸಿದ್ದರೆ ಆ ಬಿಲ್ ಹಿಂದಿನ ತಿಂಗಳ ಲೆಕ್ಕಕ್ಕೆ ಸೇರಿರುತ್ತದೆ, ಜಿಎಸ್‌ಟಿ ರಿಟರ್ನ್ ಹಾಕುವ ಮೊದಲು ಒಮ್ಮೆ ನೋಡಿಕೊಳ್ಳಿ.