ಪಿಡಿಎಫ್‌ನಲ್ಲಿ ಹ್ಯಾಚ್ ಗಟ್ಟಿ ಬಣ್ಣವಾಗುತ್ತಿದ್ದರೆ
ನಕ್ಷೆ ಬಿಡಿಸುವ ಆಟೋಕ್ಯಾಡ್‌ನಲ್ಲಿ ರೂಮಿನ ಹ್ಯಾಚ್‌ಗೆ (ಜಾಗ ತುಂಬುವ ಬಣ್ಣ ಅಥವಾ ಗೆರೆ ವಿನ್ಯಾಸಕ್ಕೆ) 60 ಟ್ರಾನ್ಸ್‌ಪರೆನ್ಸಿ (ಪಾರದರ್ಶಕತೆ) ಕೊಟ್ಟಿದ್ದೀರಿ, ಸ್ಕ್ರೀನ್ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಪಿಡಿಎಫ್ ತೆಗೆದರೆ ಮಾತ್ರ ಗಟ್ಟಿ ಬಣ್ಣ ಬಂದು ಕೆಳಗಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ, ಅಲ್ವಾ? ಹ್ಯಾಚ್‌ನಲ್ಲಿ ತಪ್ಪಿಲ್ಲ, ಸುಮ್ನೆ ಮತ್ತೆ ಹಾಕಬೇಡಿ. ಪ್ಲಾಟ್ ಮಾಡುವಾಗ, ಅಂದರೆ ಪ್ರಿಂಟ್ ಅಥವಾ ಪಿಡಿಎಫ್ ತೆಗೆಯುವಾಗ, ‘ಪ್ಲಾಟ್ ಟ್ರಾನ್ಸ್‌ಪರೆನ್ಸಿ’ ಅಂತ ಒಂದು ಆಯ್ಕೆ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಸಾಮಾನ್ಯವಾಗಿ ಅದು ಆಫ್ ಇರುತ್ತದೆ. ಆನ್ ಮಾಡಿದರೆ ಡ್ರಾಯಿಂಗ್ ಗೆರೆಗಳಾಗಿ ಉಳಿಯದೆ ರಾಸ್ಟರ್ ಚಿತ್ರವಾಗಿ (ಫೋಟೋ ಹಾಗೆ ಚುಕ್ಕೆಗಳಾಗಿ) ಹೋಗಬಹುದು, ಅದರಿಂದ ಪ್ಲಾಟ್ ನಿಧಾನ, ಫೈಲೂ ಜಾಸ್ತಿ ಭಾರ ಆಗಬಹುದು. ಹಾಗಾಗಿ ಎಲ್ಲ ಶೀಟಿಗೂ ಬೇಡ. ಬರೀ ರೂಮುಗಳಿಗೆ ಬಣ್ಣ ತುಂಬುವುದಾದರೆ ತಿಳಿ ಬಣ್ಣದ ಹ್ಯಾಚ್ ಹಾಕಿ, ಡ್ರಾ ಆರ್ಡರ್‌ನಲ್ಲಿ (ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಕ್ರಮದಲ್ಲಿ) ಹಿಂದಕ್ಕೆ ಕಳಿಸಿ. ನಾನು ಹಾಗೇ ಮಾಡುವುದು. ಹಳೆ ಪ್ಲಾನಿನ ಮೇಲೆ ಹೊಸದನ್ನು ಇಟ್ಟು ಎರಡೂ ಕಾಣಬೇಕು ಅನ್ನುವಾಗ ಟ್ರಾನ್ಸ್‌ಪರೆನ್ಸಿ ನಿಜಕ್ಕೂ ಬೇಕು.