ವೊಲ್ಬಾಕಿಯಾ ಸೊಳ್ಳೆ ಬಿಟ್ಟರೆ ನಮ್ಮ ಕಲಬುರಗಿಯಲ್ಲಿ ಡೆಂಗ್ಯೂ ಕಡಿಮೆಯಾಗುತ್ತಾ?

ಕಡಿಮೆಯಾಗಬಹುದು, ಆದರೆ ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ವೊಲ್ಬಾಕಿಯಾ ಒಂದು ಬ್ಯಾಕ್ಟೀರಿಯಾ. ಅದು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಮೈಯಲ್ಲಿದ್ದರೆ ಡೆಂಗ್ಯೂ ವೈರಸ್ ಅಲ್ಲಿ ಸರಿಯಾಗಿ ಬೆಳೆಯಲ್ಲ, ಮತ್ತೆ ತಾಯಿ ಸೊಳ್ಳೆಯಿಂದ ಮೊಟ್ಟೆಗೂ ದಾಟುವುದರಿಂದ ಕೆಲವು ತಿಂಗಳು ಇಂಥ ಸೊಳ್ಳೆಗಳನ್ನು ಬಿಡುತ್ತಾ ಬಂದರೆ ಊರಿನ ಸೊಳ್ಳೆಗಳಲ್ಲಿ ತಾನಾಗೇ ಹರಡುತ್ತಾ ಹೋಗುತ್ತದೆ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು: ಡೆಂಗ್ಯೂ 77% ಕಡಿಮೆ. ಇದು ನಿಜಕ್ಕೂ ದೊಡ್ಡ ಸುದ್ದಿ.

ಅಲ್ಲಿ ಬಳಸಿದ ವೊಲ್ಬಾಕಿಯಾ ತಳಿಯ ಹೆಸರು ಡಬ್ಲ್ಯೂಮೆಲ್. ನೀರು ಜಾಸ್ತಿ ಕಾದರೆ ಮರಿಗಳ ಮೈಯಲ್ಲಿ ಅದು ಕಡಿಮೆಯಾಗುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಛತ್ತಿನ ಮೇಲಿನ ಡ್ರಮ್ಮಿಗೆ ಕೈ ಹಾಕಿ ನೋಡಿ, ಗೊತ್ತಾಗುತ್ತದೆ. ಡಬ್ಲ್ಯೂಆಲ್ಬ್‌ಬಿ ಅನ್ನೋ ಇನ್ನೊಂದು ತಳಿ ಬಿಸಿ ತಡೆಯುತ್ತದೆ, ನಮಗೆ ಅದೇ ಸರಿ ಅನಿಸುತ್ತದೆ. ಪುದುಚೇರಿಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ಎರಡೂ ತಳಿ ಇರುವ ಸೊಳ್ಳೆ ಬೆಳೆಸಿದೆ.

ಆ ಸೊಳ್ಳೆ ನಮ್ಮೂರಲ್ಲಿ ಬಿಡುವವರೆಗೆ ಸುಮ್ನೆ ಕೂರಬೇಡಿ. ಫಾಗಿಂಗ್‌ಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ನಲ್ಲಿ ನೀರು ದಿನಾ ಬರದ ಊರಲ್ಲಿ ಡ್ರಮ್ಮು, ಕೂಲರ್ ತುಂಬಿಡದೆ ಆಗಲ್ಲ ಅಲ್ವಾ, ಹಾಗಾಗಿ ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ಗಸಗಸ ತಿಕ್ಕಿ, ಯಾಕಂದ್ರೆ ಅಂಟಿಕೊಂಡ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.